ತಣ್ಣೀರಿನಲ್ಲಿ ಹಂಸತೂಲ

ಬೊಳುವಾರು, ಪುತ್ತೂರು
ಭಾನುವಾರ, 10-3-1985

ಪ್ರೀತಿಯ ಇವರಿಗೆ,

ನಿಮ್ಮ ಎದೆಯುರಿ ಹೇಗಿದೆ? ಬೊಂಬಾಯಿಯ ಖಾನಾವಳಿಯ ಎಣ್ಣೆ ನಿಮಗೆ ಆಗುವುದಿಲ್ಲ. ಹೊರಡುವಾಗ ಒಂದು ಮಾತು ಹೇಳಿದ್ದರೆ ಪೆಟ್ಟಿಗೆಯಲ್ಲಿ ಒಣಗಿದ ಪುನರ್ಪುಳಿ ಸಿಪ್ಪೆಯನ್ನಾದರೂ ಕಟ್ಟಿ ಇಡುತ್ತಿದ್ದೆ. ನಾನು ಶಾಲೆಯಿಂದ ಬರುವಷ್ಟರಲ್ಲಿ ನೀವು ಮಂಗಳೂರು ದಾಟಿ ಆಗಿತ್ತು. ಮಾಟುಂಗದ ಆ ರೂಮಿನಲ್ಲಿ ಸೊಳ್ಳೆ ಹೆಚ್ಚೆಂದು ಹಿಂದೆ ಹೇಳುತ್ತಿದ್ದಿರಿ, ಪರದೆ ಕಟ್ಟಿಕೊಳ್ಳಿ. ಅತ್ತೆಗೆ ಮಂಡಿನೋವು ಇದೆ, ನಾಲಿಗೆಗೆ ಯಾವ ನೋವೂ ಇಲ್ಲ. ನಾನು ಹೇಗಿದ್ದೇನೆ ಎಂದು ನೀವು ಕೇಳಲಿಲ್ಲ. ಆದರೂ ಬರೆಯುತ್ತೇನೆ, ಸೌಖ್ಯವಾಗಿದ್ದೇನೆ.

ನಿಮ್ಮ ಎಕ್ಸ್‌ಪ್ರೆಸ್ ಡೆಲಿವರಿ ಕಾಗದ ಬುಧವಾರ ತಲುಪಿತು. ಅಂಚೆಯವನು ಗೇಟಿನ ಹತ್ತಿರ ನಿಂತು ಗಾಬರಿಯ ಮುಖ ಮಾಡಿದ್ದ, ಯಾರಿಗೋ ಏನೋ ಆಗಿದೆ ಎಂದು. ನಾನೂ ಹಾಗೆಯೇ ಎಣಿಸಿ ಒಡೆದೆ. ನೀವು ಹೋದ ಮೇಲೆ ನಾನು ಬರೆದ ಕಾಗದಗಳಿಗೆಲ್ಲ ಉತ್ತರವಿರಲಿಲ್ಲ. ಅತ್ತೆ ಮೆಟ್ಟಿಲು ಜಾರಿ ಬಿದ್ದಾಗ ಬರೆದದ್ದಕ್ಕೂ ಇರಲಿಲ್ಲ. ಕಳೆದ ತಿಂಗಳು ಒಂದೇ ಸಾಲು, 'ಹಂಸತೂಲ ಈಗ ತಣ್ಣೀರಿನಲ್ಲಿ ಕರಗುತ್ತದೆ' ಎಂದು ಬರೆದದ್ದೇ ತಡ, ನಿಮ್ಮ ಪೆನ್ನಿಗೆ ಮಸಿ ಬಂತು. ಆ ಕಾಗದದ ಮೊದಲ ಪುಟದಲ್ಲಿ ಅದು 'ನಮ್ಮ ಸಂಶೋಧನೆ', ಎರಡನೆಯ ಪುಟದಲ್ಲಿ 'ನನ್ನ ಸಂಶೋಧನೆ'. ಪುಟ ಮಗುಚುವಷ್ಟರಲ್ಲಿ ನಾನು ಎಲ್ಲಿ ಬಿದ್ದುಹೋದೆನೋ ತಿಳಿಯದು. ಅಲ್ಲಿಯ ಸಾಬೂನು ಕಂಪೆನಿಯವರಿಗೆ ಆಸಕ್ತಿ ಇದೆಯಂತೆ, ನಾನು ಮಾಡುವ ವಿಧಾನವನ್ನು ಒಂದೂ ಬಿಡದೆ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕಂತೆ. ಕಳಿಸುವ ಮೊದಲು, ಇಲ್ಲಿ ಏನು ನಡೆಯಿತೆಂದು ನಿಮಗೆ ತಿಳಿದಿರುವುದು ಒಳ್ಳೆಯದು. ಸಂಶೋಧಕರಿಗೆ ತಮ್ಮ ಸಂಶೋಧನೆಯ ಚರಿತ್ರೆ ಗೊತ್ತಿರಬೇಕಲ್ಲ.

ಮೊದಲ ಯೋಚನೆ ನಿಮ್ಮದೇ. ಅದನ್ನು ನಾನು ಎಲ್ಲಿಯೂ ಅಲ್ಲಗಳೆಯುವುದಿಲ್ಲ. ಬೊಂಬಾಯಿಯಲ್ಲಿ ಸಾಬೂನು ಮಾರುವ ಕೆಲಸ ಬಿಟ್ಟು ಬಂದವರು ಊಟಕ್ಕೆ ಕುಳಿತಾಗ ಹೇಳಿದಿರಿ: "ಒಗೆದ ಬಟ್ಟೆ ಮೆತ್ತಗೆ ಮಾಡುವ ನೀರು ಉಂಟಲ್ಲ, ಅದರಲ್ಲಿ ಮುಕ್ಕಾಲು ಬರೇ ನೀರು. ಪುತ್ತೂರಿನ ನೀರನ್ನು ಬಸ್ಸಿನ ಮೇಲೆ ಹೇರಿ ಕಡಬಕ್ಕೆ ಯಾಕೆ ಕೊಂಡುಹೋಗುದು? ಕಡಬದಲ್ಲಿ ನೀರಿಲ್ವಾ? ಗಟ್ಟಿ ಮಾಡಿ ಸಣ್ಣ ಬಾಟ್ಲಿಯಲ್ಲಿ ಕೊಡುವ." ಆ ದಿನ ನಿಮ್ಮ ಮೇಲೆ ನನಗೆ ಅಭಿಮಾನವೇ ಬಂದಿತ್ತು. ಒಳ್ಳೆಯ ಯೋಚನೆ ದಾರಿ ತಪ್ಪಿ ಯಾರ ಮನೆಗೂ ಒಮ್ಮೆ ಬರುತ್ತದೆ. ನಿಮ್ಮ ಮನೆಗೆ ಬಂದದ್ದು ಅದೊಂದೇ. ಆಮೇಲೆ ಹಿತ್ತಲ ಶೆಡ್ಡಿನಲ್ಲಿ ತೆರೆದ ಕಾರ್ಖಾನೆಗೆ ನೀವು ಮಾಡಿಸಿದ್ದೆಂದರೆ 'ಹಂಸತೂಲ' ಎಂಬ ಹೆಸರು, ನೀಲಿ ಲೇಬಲ್ಲಿನಲ್ಲಿ ಬಾತುಕೋಳಿಯಂತೆ ಕಾಣುವ ಒಂದು ಹಂಸ, ಮತ್ತು ನಿಮಗೊಂದು ಟೈ. ಗಟ್ಟಿ ಮಾಡುವುದೆಂದರೆ ನೀವು ತಿಳಿದದ್ದು, ಬೊಂಬಾಯಿಯಿಂದ ಡ್ರಮ್ಮಿನಲ್ಲಿ ಬಂದ ಆ ಬಿಳಿ ಮುದ್ದೆಯನ್ನು ಇನ್ನಷ್ಟು ಸುರಿಯುವುದು. ಸಾರಿಗೆ ಉಪ್ಪು ಸಾಲದಿದ್ದರೆ ಹಾಕಿದ ಹಾಗೆ. ಮನೆಯಲ್ಲಿ ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದವಳೊಬ್ಬಳು ಹೈಸ್ಕೂಲಿನಲ್ಲಿ ಅದನ್ನೇ ಕಲಿಸಿ ಸಂಬಳ ತರುತ್ತಿದ್ದಳು. ಒಂದು ಮಾತು ಕೇಳಬಹುದಿತ್ತು. ಭಾನುವಾರ ಬಾಟಲಿಗಳಿಗೆ ಬಾತುಕೋಳಿ ಅಂಟಿಸಲು ಮಾತ್ರ ನನ್ನನ್ನು ಶೆಡ್ಡಿಗೆ ಕರೆದಿರಿ. ಅಂಟಿಸಿದೆ. ಅಲ್ಲಿ ಅದಕ್ಕಿಂತ ಹೆಚ್ಚಿನದನ್ನು ನಾನು ಮುಟ್ಟಿಲ್ಲ. ಇದನ್ನು ದಯವಿಟ್ಟು ನೆನಪಿನಲ್ಲಿಡಿ.

ಯಾರಿಗೆ ಮಾರಬೇಕೆಂಬ ಯೋಚನೆಯೂ ನಿಮಗಿರಲಿಲ್ಲ. ಪುತ್ತೂರಿನ ವಕೀಲರು, ಪಟೇಲರು, ಮಾಸ್ತರರು ಎಲ್ಲರೂ ಗಂಜಿ ಹಾಕಿ ಬಡಿಗೆಯ ಹಾಗೆ ಮಾಡಿದ ಬಟ್ಟೆಯಲ್ಲೇ ಮರ್ಯಾದೆ ಇಟ್ಟುಕೊಂಡವರು. ಅವರ ಎದುರು ಮೆತ್ತನೆಯ ಬಟ್ಟೆಯ ಗುಣಗಾನ ಮಾಡಿದಿರಿ. ಅವರಲ್ಲೊಬ್ಬರು ತಮ್ಮ ಮುಂಡುಪಂಚೆಯನ್ನು ಗರಗರ ತಿಕ್ಕಿ ತೋರಿಸಿ, "ಮೆತ್ತಗೆ ಇರುದು ಹಾಸಿಗೆ ಹಿಡಿದವರ ಬಟ್ಟೆ ಮಾರಾಯ್ರೆ" ಎಂದು ಕಳಿಸಿಬಿಟ್ಟದ್ದನ್ನು ನೀವೇ ಬಂದು ಹೇಳಿದ್ದು. ಕಡಬದಲ್ಲಿ ಚನಿಯಪ್ಪನವರ ಅಂಗಡಿಯಲ್ಲಿ ಮಾತ್ರ ಬಾಟಲಿ ಖಾಲಿಯಾಯಿತೆಂದು ಪಾಯಸ ಮಾಡಿಸಿದಿರಿ. ಅವರು ಅದನ್ನು ತಲೆಕೂದಲಿಗೆ ಹಚ್ಚುವುದೆಂದು ಮಾರಿದ್ದರು. ಕೂದಲು ನುಣುಪಾಗುತ್ತದೆ, ಅದೂ ಸುಳ್ಳಲ್ಲ. ನಿಮ್ಮ ಸರಕಿನ ಉಪಯೋಗವನ್ನು ಕಡಬದ ಅಂಗಡಿಯವರು ಕಂಡುಹಿಡಿದರು, ನೀವು ಪಾಯಸ ಉಂಡಿರಿ.

ಈಗ ಫ್ಲಾಸ್ಕಿನ ವಿಷಯ. ನಿಮ್ಮ ಮುದ್ದೆ ತಣ್ಣೀರಿಗೆ ಬಿದ್ದರೆ ಹೆಪ್ಪುಗಟ್ಟಿದ ತುಪ್ಪದ ಹಾಗೆ ಗಡ್ಡೆಗಡ್ಡೆಯಾಗಿ ತೇಲುತ್ತದೆಂದು ಮೊದಲ ವಾರದಲ್ಲೇ ನಿಮಗೆ ಗೊತ್ತಾಗಿತ್ತು. ಗೊತ್ತಾದ ಮೇಲೆ ನೀವು ಮಾಡಿದ ಸಂಶೋಧನೆ ಒಂದು ಫ್ಲಾಸ್ಕ್ ಖರೀದಿಸಿದ್ದು. ಅಂಗಡಿ ಅಂಗಡಿಗೆ ಹೋಗಿ ಅದರಿಂದ ಬಿಸಿನೀರು ಬಗ್ಗಿಸಿ, ನಾಲ್ಕು ತೊಟ್ಟು ಹಾಕಿ, "ನೋಡಿ, ಹಾಲಿನ ಹಾಗೆ" ಎಂದು ತೋರಿಸಿದಿರಿ. ಬಿಸಿನೀರಿನಲ್ಲಿ ಕರಗದ್ದು ಯಾವುದಿದೆ? ಬಟ್ಟೆ ಅದ್ದುವುದಕ್ಕೆ ನೀರು ಕಾಯಿಸುವವರು ನಮ್ಮ ಊರಿನಲ್ಲಿ ಯಾರಿದ್ದಾರೆ? ನಮ್ಮವರು ಒಗೆಯುವುದು ಬಾವಿಕಟ್ಟೆಯಲ್ಲಿ, ಹೊಳೆಯಲ್ಲಿ. ನಿಮ್ಮ ಎರಡೂ ಅಂಗಿಗಳನ್ನು ನಾನು ತಣ್ಣೀರಿನಲ್ಲಿಯೇ ಒಗೆಯುತ್ತಿದ್ದೆ, ನೀವು ಒಮ್ಮೆಯಾದರೂ ಹಿಂದಿನ ಬಾಗಿಲಿನಿಂದ ಇಣುಕಿ ನೋಡಿದ್ದರೆ ಅಷ್ಟು ತಿಳಿಯುತ್ತಿತ್ತು.

ಅದೇ ಫ್ಲಾಸ್ಕ್ ಹಿಡಿದು ಸುಳ್ಯದಲ್ಲಿ ಸಾಹುಲ್ ಹಮೀದ್ ಸಾಹೇಬರ ಮನೆಗೆ ಹೋದಿರಿ. ದುಬೈಯಿಂದ ಆರು ತಿಂಗಳ ರಜೆಯಲ್ಲಿ ಮಗಳು ಪಾತುವಿನ ಮದುವೆಗೆಂದು ಬಂದಿದ್ದ ಮನುಷ್ಯ. ಅಲ್ಲಿ ಇಂಥ ಸಾಮಾನು ಬಳಸಿ ಅಭ್ಯಾಸವಿದ್ದವರಾದ್ದರಿಂದ, ನಮ್ಮ ಊರಿನವರೊಬ್ಬರು ಮಾಡಿದ್ದಾರೆಂಬ ಸಂತೋಷದಲ್ಲಿ ಮದುವೆಮನೆಗೆ ಬೇಕಾದಷ್ಟನ್ನೂ ನಿಮ್ಮಿಂದಲೇ ತೆಗೆದುಕೊಂಡರು. ಅವರ ಹೆಂಡತಿ ಬೀಬಿ ಮದುವೆಯ ಹಿಂದಿನ ದಿನ ಬಿಳಿಯ ಬಟ್ಟೆಗಳನ್ನೆಲ್ಲ ಸಾಬೂನಿನಲ್ಲಿ ಒಗೆದು, ಬಾವಿಯ ನೀರಿಗೆ ಹಂಸತೂಲ ಹಾಕಿ ಅದ್ದಿದರು. ಸಾಬೂನಿಗೂ ಇದಕ್ಕೂ ಹುಟ್ಟಿದಂದಿನಿಂದ ಜಗಳ. ಬಟ್ಟೆಯಲ್ಲಿ ಉಳಿದ ಸಾಬೂನು, ತೇಲುವ ಗಡ್ಡೆ, ಎರಡೂ ಸೇರಿ ಹಾಸು, ದಿಂಬಿನ ಚೀಲ, ಸಾಹೇಬರು ನಿಕಾಹಿಗೆಂದು ತಂದ ಹೊಸ ಅಂಗಿ, ಎಲ್ಲದರ ಮೇಲೆ ಜಿಡ್ಡಿನ ಹಳದಿ ಕಲೆ. ಒಣಗಿದಾಗಲೇ ಕಂಡದ್ದು. ಮಗಳ ನಿಕಾಹಿಗೆ ಆ ದೊಡ್ಡ ದೇಹದ ಸಾಹೇಬರು ಭಾವನ ಅಂಗಿ ಹಾಕಿ, ಗುಂಡಿ ಕೂಡದ ಎದೆಯ ಮೇಲೆ ಶಾಲು ಎಳೆದುಕೊಂಡು ಕುಳಿತರು. ನೀವು ಮದುವೆಯ ಊಟಕ್ಕೆ ಹೋಗಿದ್ದಿರಿ. ಊಟ ಚೆನ್ನಾಗಿತ್ತೆಂದು ಬಂದು ಹೇಳಿದಿರಿ. ಬೇರೇನೂ ಹೇಳಲಿಲ್ಲ.

ಅದಾಗಿ ಒಂದು ವಾರಕ್ಕೆ ಸಾಹೇಬರು ಕಲೆಯ ಬಗ್ಗೆ ಕೇಳಲು ನಮ್ಮ ಮನೆಗೆ ಬಂದು ಹೋದರೆಂದು ನನಗೆ ಅತ್ತೆಯಿಂದ ತಿಳಿಯಿತು. ಮರುದಿನವೇ ನೀವು ಬೊಂಬಾಯಿಯ ಬಸ್ಸು ಹತ್ತಿದ್ದು. 'ಕಂಪೆನಿಯವರನ್ನು ಕಾಣಬೇಕು' ಎಂದು ಅಡುಗೆಮನೆಯ ಕಿಟಕಿಯಲ್ಲಿ ಒಂದು ಚೀಟಿ. ಬಾಟಲಿ ಹಿಂದಕ್ಕೆ ತಂದ ಅಂಗಡಿಯವರ ಬಾಯಿಗೆ ಸಿಕ್ಕಿದ್ದು ನಾನು. ಶೆಡ್ಡಿನ ಬೀಗ ತೆಗೆದು ನೋಡಿದರೆ ಡ್ರಮ್ಮಿನ ಬಾಯಿ ತೆರೆದೇ ಇತ್ತು. ಒಳಗೆ ಬಿದ್ದು ಸತ್ತಿದ್ದ ಇಲಿಯ ರೋಮವೂ ನಿಮ್ಮ ಹಂಸತೂಲದಿಂದ ನುಣ್ಣಗಾಗಿತ್ತು.

ಆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಸುಳ್ಯದ ಬಸ್ಸು ಹತ್ತಿದೆ. ಕಲೆ ಬಿದ್ದ ಬಟ್ಟೆ ಬೇಕಿತ್ತು ನನಗೆ. ತಪ್ಪು ಯಾವುದೆಂದು ಬಟ್ಟೆಯೇ ಹೇಳಬೇಕು, ನೀವಂತೂ ಹೇಳುವವರಲ್ಲ. ಬೀಬಿ ಜಗಲಿಯಲ್ಲಿ ಕುಳ್ಳಿರಿಸಿ, ಶರಬತ್ತು ಕೊಟ್ಟು, ನಾನು ಬಂದ ಕಾರಣ ಕೇಳಿದರು. ಹೇಳಿದೆ. ಆಮೇಲೆ ಅವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ನೀನು ಅಳತೆ ತಪ್ಪಿಸಿ ಕೆಡಿಸಿದ್ದು ಅಂತ ನಿನ್ನ ಗಂಡ ನಮ್ಮವರ ಹತ್ರ ಹೇಳಿದ್ದಾರೆ. ಹೆಂಗಸಿನ ಕೈಗೆ ಕೊಟ್ಟದ್ದೇ ತಪ್ಪಾಯ್ತು ಅಂದ್ರಂತೆ. ನಾನೂ ನಂಬಿದ್ದೆ. ಆದ್ರೆ ಕೆಡಿಸಿದವಳು ಕಲೆಯ ಬಟ್ಟೆ ಕೇಳ್ಲಿಕ್ಕೆ ಬಸ್ಸು ಹತ್ತಿ ಬರುದಿಲ್ಲ ಮಾರಾಯ್ತಿ."

ನನಗೆ ಅಳು ಬರಲಿಲ್ಲ. ನಿಮಗೆ ಅಷ್ಟು ಸಂತೋಷ ಕೊಡಲಾರೆ. ಒಂದು ರೀತಿಯ ತಣ್ಣಗಿನ ನಾಚಿಕೆ ಬಂತು, ನಿಮ್ಮನ್ನು ಗಂಡನೆಂದು ಕರೆದುಕೊಂಡು ಇಷ್ಟು ವರ್ಷ ಊರು ತಿರುಗಿದೆನಲ್ಲ ಎಂದು. ಸರಕು ಕೆಡುವುದು ದೊಡ್ಡದಲ್ಲ, ಎಲ್ಲರ ಸರಕೂ ಕೆಡುತ್ತದೆ. ಮನೆಗೆ ಬಂದು ಅತ್ತೆಗೆ ಹೇಳಿದೆ. ಮಗನ ಪರ ವಾದಿಸುತ್ತಾರೆಂದು ಕಾದೆ. ಅವರು ಅಕ್ಕಿ ಕೇರುವುದನ್ನು ನಿಲ್ಲಿಸದೆ, "ಅವ ಸಣ್ಣದಿರುವಾಗಲೂ ಹಾಗೇ, ಪಾತ್ರೆ ಒಡೆದ್ರೆ ಬೆಕ್ಕಿನ ಮೇಲೆ ಹೇಳುದು" ಎಂದರು. ಬೆಕ್ಕಾಗಿ ನಾನು ಈ ಮನೆಗೆ ಬಂದದ್ದೆಂದು ಮದುವೆಯ ಮಾತುಕತೆಯಲ್ಲಿ ಯಾರೂ ತಿಳಿಸಿರಲಿಲ್ಲ.

ಬೀಬಿ ಆ ದಿನವೇ ಇನ್ನೊಂದು ಮಾತು ಕೇಳಿದ್ದರು. "ಇದರಲ್ಲಿ ಎಂತದರ ಕೊಬ್ಬು?" ಎಂದು. ನೀವು ಅವರಿಗೆ ಹಲಾಲ್ ಎಂದಿದ್ದಿರಂತೆ, ಪುತ್ತೂರಿನಲ್ಲಿ ಶುದ್ಧ ಸಸ್ಯಾಹಾರಿ ಎಂದಿದ್ದಿರಿ. ನಮ್ಮ ಸೆಕೆಯಲ್ಲಿಯೂ ಕಲ್ಲಿನ ಹಾಗೆ ನಿಲ್ಲುವ ಆ ಮುದ್ದೆ ಯಾವುದೋ ಪ್ರಾಣಿಯ ಕೊಬ್ಬಿನಿಂದ ಬಂದದ್ದೆಂದು ನಾನು ಅವರಿಗೆ ಹೇಳಿದೆ, ಯಾವ ಪ್ರಾಣಿಯೆಂದು ಮಾರಿದವರಿಗೇ ಗೊತ್ತಿರಲಿಕ್ಕಿಲ್ಲವೆಂದೂ ಹೇಳಿದೆ. ಹೇಳುತ್ತಾ ಇರುವಾಗಲೇ ನನಗೆ ದಾರಿ ಕಂಡದ್ದು. ಕೊಬ್ಬಿನ ಕಣಗಳು ನೇರ ಕಡ್ಡಿಗಳ ಹಾಗೆ. ನೇರ ಸೌದೆಯನ್ನು ಒತ್ತಾಗಿ ಕಟ್ಟಬಹುದು, ನಡುವೆ ಗಾಳಿಯೂ ಹೋಗದು. ಎಣ್ಣೆಯ ಕಣಗಳಿಗೆ ನಡುವಿನಲ್ಲಿ ಸೊಟ್ಟ ಇದೆ. ಸೊಟ್ಟ ಕೊಂಬೆಗಳ ಹೊರೆ ಕಟ್ಟಿ ನೋಡಿ, ಎಷ್ಟು ಬಿಗಿದರೂ ಸಂದು ಉಳಿಯುತ್ತದೆ. ತಣ್ಣೀರು ಒಳಹೋಗಬೇಕಾದರೆ ಆ ಸಂದು ಬೇಕು. ಇದು ಕಾಲೇಜಿನಲ್ಲಿ ಮೇಷ್ಟರು ಕಪ್ಪು ಹಲಗೆಯ ಮೇಲೆ ಬರೆದದ್ದೇ. ಮುದ್ದೆಯನ್ನು ಬಿಟ್ಟು ಎಣ್ಣೆಯಿಂದಲೇ ಹೊಸದಾಗಿ ಮಾಡಬೇಕೆಂದು ಬಸ್ಸಿನಲ್ಲಿ ಕುಳಿತಾಗಲೇ ನಿರ್ಧರಿಸಿದೆ.

ಮೊದಲು ಪಂಜದ ಕಡೆಯಿಂದ ರಬ್ಬರ್ ಬೀಜದ ಎಣ್ಣೆ ತರಿಸಿದೆ. ಅದರಲ್ಲಿ ಸೊಟ್ಟ ಅತಿಯಾಯಿತು. ನೀರಿನಲ್ಲಿ ಚೆನ್ನಾಗಿಯೇ ಹರಡಿತು, ಹದಿನೈದು ದಿನದಲ್ಲಿ ಹಳಸಿ ಹಾಸಿಗೆಯೆಲ್ಲ ಒಣಮೀನಿನ ವಾಸನೆ. ಅತ್ತೆ ಎರಡು ದಿನ ಜಗಲಿಯಲ್ಲಿ ಮಲಗಿದರು. ಆಮೇಲೆ ತೌಡಿನ ಎಣ್ಣೆ. ಅದನ್ನು ಯಾವುದರೊಡನೆ ಕಾಯಿಸಿದೆ, ಎಷ್ಟು ಕಾವಿನಲ್ಲಿ, ಯಾವ ಆಮ್ಲದಿಂದ ಹುಳಿಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನಿಮ್ಮ ಕಣ್ಣು ಈ ಪುಟದಲ್ಲಿ ಅದನ್ನೇ ಹುಡುಕುತ್ತಿದೆಯೆಂದು ಗೊತ್ತು. ತೆಳುವಾಗಿ ಮಾಡಿದಾಗ ಚೆನ್ನಾಗಿತ್ತು, ಗಟ್ಟಿಮಾಡಿದಾಗ ಮಕ್ಕಳಿಗೆ ಉಣಿಸುವ ರಾಗಿ ಮಣ್ಣಿಯ ಹಾಗೆ ನಿಂತುಬಿಟ್ಟಿತು, ಬಾಟಲಿ ಬೋರಲು ಹಾಕಿದರೂ ಬೀಳಲಿಲ್ಲ. ಎಷ್ಟು ಸಲ ಚೆಲ್ಲಿದೆನೋ. ಶೆಡ್ಡಿನ ಹಿಂದಿನ ಚರಂಡಿ ಈಗ ಈ ಊರಿನಲ್ಲೇ ಅತಿ ಮೃದುವಾದ ಚರಂಡಿ. ಕೊನೆಗೆ ಒಂದು ಜಾತಿಯ ಉಪ್ಪು ಅದನ್ನು ಸಡಿಲಿಸಿತು. ಹೆಚ್ಚಾದರೆ ಒಡೆದ ಹಾಲು, ಕಡಿಮೆಯಾದರೆ ಮಣ್ಣಿ. ಹದ ಸಿಕ್ಕಿದ ಬೆಳಿಗ್ಗೆ ಜನವರಿಯ ಚಳಿ, ಬಾವಿಯ ನೀರು ಬೆರಳು ಕಚ್ಚುತ್ತಿತ್ತು. ಒಂದು ಚಮಚ ಬಿಟ್ಟೆ. ಗಡ್ಡೆಯಿಲ್ಲ, ದಾರವಿಲ್ಲ. ಕೈ ಹಾಕುವ ಮೊದಲೇ ಬಾಲ್ದಿಯ ತಳದವರೆಗೆ ಅಕ್ಕಿ ತೊಳೆದ ನೀರಿನ ಹಾಗೆ ತಾನಾಗಿ ಹರಡಿಹೋಯಿತು. ಆ ಹೊತ್ತಿನಲ್ಲಿ ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು. ನಿಮ್ಮ ಹೆಸರು ನಾಲಿಗೆಯ ತುದಿಗೆ ಬಂತು, ಹಳೆಯ ಅಭ್ಯಾಸ. ನುಂಗಿಕೊಂಡು ಅತ್ತೆಯನ್ನು ಕರೆದೆ.

ಬೀಬಿಯ ಬಾವಿಕಟ್ಟೆಯಲ್ಲಿ ಅವರ ಕೈಯಿಂದಲೇ ಪರೀಕ್ಷೆ ಮಾಡಿಸಿದೆ. ನೀರು ಅವರೇ ಸೇದಿದರು, ಸಾಬೂನು ಪೂರ್ತಿ ಹೋಗುವ ತನಕ ಜಾಲಾಡಿಸಲು ಹೇಳಿದ್ದಷ್ಟೇ ನಾನು. ಒಣಗಿದ ಬಟ್ಟೆಯನ್ನು ಬಿಸಿಲಿಗೆ ಹಿಡಿದು ಮೂಲೆಮೂಲೆ ನೋಡಿ, ಕೆನ್ನೆಗೆ ಒತ್ತಿಕೊಂಡು, ಒಳಗೆ ಹೋಗಿ ಇನ್ನೊಂದು ರಾಶಿ ಬಟ್ಟೆ ತಂದು ಹಾಕಿದರು. ಅಷ್ಟು ಒಳ್ಳೆಯ ಹೊಗಳಿಕೆ ನಿಮ್ಮ ಬಾಯಿಂದ ಇಷ್ಟು ವರ್ಷಗಳಲ್ಲಿ ಬಂದಿಲ್ಲ. ಈಗ ಅರಂತೋಡಿನವರೆಗೆ ಗಲ್ಫಿನವರ ಮನೆಗಳಿಗೆ, ಎಳೆಮಕ್ಕಳಿರುವ ಮನೆಗಳಿಗೆ ಅವರ ಮೂಲಕವೇ ಹೋಗುತ್ತಿದೆ. ಬಾತುಕೋಳಿಯನ್ನು ತೆಗೆದುಹಾಕಿದ್ದೇನೆ. ಹೆಸರು ಇರಲಿ ಎಂದು ಬಿಟ್ಟಿದ್ದೇನೆ, ಹೆಸರಿನದು ಏನು ತಪ್ಪು.

ಪರೀಕ್ಷೆಯ ದಿನ ಸಾಹೇಬರು ಮನೆಯಲ್ಲಿದ್ದರು. ನಾನು ಹೊರಡುವಾಗ ಜಗಲಿಗೆ ಬಂದು, ಬಹಳ ಮೆಲ್ಲಗೆ, ಮಗಳೊಡನೆ ಮಾತಾಡುವ ಹಾಗೆ, "ಬೇಜಾರು ಮಾಡ್ಬೇಡಿ ಟೀಚರೇ, ಕೈತಪ್ಪು ಯಾರಿಗೂ ಆಗ್ತದೆ. ನಾನು ಆವತ್ತೇ ಮನ್ನಿಸಿದ್ದೇನೆ" ಎಂದರು. ನಾನು ಮಾಡದ ತಪ್ಪಿಗೆ ಅಷ್ಟು ದೊಡ್ಡ ಮನಸ್ಸಿನ ಕ್ಷಮೆ. ತಲೆ ತಗ್ಗಿಸಿ ತೆಗೆದುಕೊಂಡೆ. ಬೀಬಿ ಗೇಟಿನವರೆಗೆ ಬಂದು, "ನಾನು ಹೇಳ್ಲಾ ಅವರಿಗೆ?" ಎಂದು ಕೇಳಿದರು. ಬೇಡವೆಂದೆ. ಅದು ಬೀಬಿ ಹೇಳುವ ಮಾತಲ್ಲ, ನಾನು ಹೇಳುವ ಮಾತೂ ಅಲ್ಲ. ಗಂಡನ ಮೇಲೆ ದೂರು ಹೇಳಿ ತನ್ನ ಕೈ ತೊಳೆದುಕೊಳ್ಳುವವಳಾದರೆ ನನಗೂ ನಿಮಗೂ ಏನು ವ್ಯತ್ಯಾಸ ಉಳಿಯಿತು?

ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಎಷ್ಟೆಂದರೂ ತಾಯಿ. ಊಟ ಹೊತ್ತಿಗೆ ಸರಿಯಾಗಿ ಮಾಡಿ. ನನ್ನದು ಎಂದಿನ ನಮಸ್ಕಾರ, ಅದರಲ್ಲಿ ಎಷ್ಟು ಉಳಿದಿದೆಯೋ ಅಷ್ಟು.

ಇತಿ,
ಸೀತು

ಮರೆತಿದ್ದೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಹೊರಗೆ ಜೀಪು ಹಾರನ್ ಹಾಕುತ್ತಿದೆ. ಇದನ್ನು ಅಂಚೆಗೆ ಹಾಕುತ್ತಿಲ್ಲ. ಸಾಹುಲ್ ಹಮೀದ್ ಸಾಹೇಬರ ರಜೆ ಮುಗಿಯಿತು, ಇವತ್ತೇ ಬೊಂಬಾಯಿಗೆ ಹೊರಟಿದ್ದಾರೆ, ಅಲ್ಲಿಂದ ದುಬೈಗೆ. ಮಾಟುಂಗದ ವಿಳಾಸ ಕೊಟ್ಟಿದ್ದೇನೆ, ನಿಮ್ಮ ಕೈಗೇ ಕೊಡುತ್ತೇನೆಂದು ಒಪ್ಪಿದ್ದಾರೆ. ಲಕೋಟೆ ಅಂಟಿಸಿಯೇ ಕೊಡುತ್ತೇನೆ, ಅವರು ಒಡೆದು ನೋಡುವವರೂ ಅಲ್ಲ. ಇದನ್ನು ನೀವು ಓದುವಾಗ ಅವರು ನಿಮ್ಮ ಎದುರೇ ಇರುತ್ತಾರೆ, ಕೆಡಿಸಿದವಳು ನಾನೇ ಎಂದು ಈಗಲೂ ನಂಬಿಕೊಂಡು. ನೀವು ಅವರಿಗೆ ಏನು ಹೇಳಿದಿರೆಂದು ದುಬೈಯಿಂದ ಅವರು ಬೀಬಿಗೆ ಬರೆಯುವ ಮೊದಲ ಕಾಗದದಿಂದ ತಿಳಿಯುವವರೆಗೆ ನಿಮ್ಮ ಕಂಪೆನಿಗೆ ನನ್ನ ಉತ್ತರವಿಲ್ಲ, ನಿಮಗೂ ಇಲ್ಲ. ಚಾ ತರಿಸಿ. ಬಾಗಿಲ ಹತ್ತಿರದ ಕುರ್ಚಿಯನ್ನು ಅವರಿಗೆ ಕೊಟ್ಟು ನೀವು ಒಳಗಿನದರಲ್ಲಿ ಕುಳಿತುಕೊಳ್ಳಿ.